ಬೋಲ್ಟಿನ ತಲೆಯ ಮೇಲಿನ ಗೀಟು

ಯಾವ ಬೋಲ್ಟನ್ನು ಕೈಗೆ ಕೊಟ್ಟರೂ ಮೇಸ್ತ್ರಿ ಮೊದಲು ಅದನ್ನು ಕಿವಿಗೆ ಹಿಡಿಯುತ್ತಿದ್ದರು. ಅಂಗಿ ಜೇಬಿನಲ್ಲಿ ಸದಾ ಒಂದು ತುಂಡು ಗೋಣಿದಾರ ಇರುತ್ತಿತ್ತು. ಅದನ್ನು ಬೋಲ್ಟಿನ ಕುತ್ತಿಗೆಗೆ ಕಟ್ಟಿ, ಕಿವಿಯ ಪಕ್ಕದಲ್ಲಿ ಇಳಿಬಿಟ್ಟು, ನಟ್ಟು ಬಿಗಿಯುವ ಸಣ್ಣ ಪಾನಾದಿಂದ ಒಂದೇಟು ಹೊಡೆಯುತ್ತಿದ್ದರು. ಟಿಣ್ ಎಂದು ಸ್ವಲ್ಪ ಹೊತ್ತು ಎಳೆದರೆ ಎಡಗಡೆಯ ಡಬ್ಬಕ್ಕೆ, ಟಪ್ ಎಂದು ಅಲ್ಲೇ ಸತ್ತರೆ ಒಳಗೆ ಬಿರುಕಿದೆಯೆಂದು ಬಲಗಡೆಯ ಡಬ್ಬಕ್ಕೆ. ನನಗೆ ಎರಡೂ ಒಂದೇ ಥರ ಕೇಳಿಸುತ್ತಿದ್ದವು. ಹಾಗೆಂದರೆ, "ನಿನ್ ಕಿವಿ ತುಂಬ ಮೋಟ್ರು ಸದ್ದೇ ಐತೆ ಬಿಡಪ್ಪ, ಇನ್ನೇನು ಕೇಳ್ಸುತ್ತೆ" ಎನ್ನುತ್ತಿದ್ದರು.

ಹೊಳಲ್ಕೆರೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು, ಬೋರ್‌ವೆಲ್‌ನೊಳಗಿನ ಪಂಪು ಎತ್ತುವುದು, ಇಳಿಸುವುದು. ಅವರದು ಪಕ್ಕದ ತಗಡಿನ ಶೆಡ್ಡು. ಚಿತ್ರದುರ್ಗದ ಒಂದು ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಮಿಲ್ಲು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಹಳೇ ನಟ್ಟು ಬೋಲ್ಟು ತೊಳೆದು ಮಾರುವ ಕೆಲಸ ಹಿಡಿದಿದ್ದರು. ಊರಿಗೆಲ್ಲ ಅವರು ಪೀಪಾಯಿ ಮೇಸ್ತ್ರಿ. ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಮಸಿ ಬಳಿದವನು ನಾನು, ಈಗ ಅದನ್ನು ದೊಡ್ಡದಾಗಿ ಬರೆದು ಮೆರೆಸುವ ಯೋಗ್ಯತೆ ನನಗಿಲ್ಲ.

ಪೀಪಾಯಿಯನ್ನು ಅವರೇ ಕಟ್ಟಿದ್ದು. ಎಣ್ಣೆಯ ಹಳೇ ಡ್ರಮ್ಮೊಂದನ್ನು ಅಡ್ಡ ಮಲಗಿಸಿ, ಎರಡೂ ಕಡೆ ಬೇರಿಂಗ್ ಕೂರಿಸಿ, ಒಂದು ತುದಿಗೆ ಸೈಕಲ್ಲಿನ ರಿಮ್ಮು ಬಿಗಿದಿದ್ದರು. ಕೆಟ್ಟುಹೋದ ದೋಸೆಹಿಟ್ಟಿನ ಗ್ರೈಂಡರಿನ ಮೋಟರನ್ನು ನನ್ನ ಹತ್ತಿರವೇ ಸುತ್ತಿಸಿಕೊಂಡು, ಅದರಿಂದ ರಿಮ್ಮಿಗೆ ಬೆಲ್ಟು ಎಳೆದಿದ್ದರು. ಡ್ರಮ್ಮಿನ ಒಳಗೆ ಉದ್ದಕ್ಕೆ ನಾಲ್ಕು ಕಬ್ಬಿಣದ ಪಟ್ಟಿ. ಅವಿಲ್ಲದಿದ್ದರೆ ಬೋಲ್ಟುಗಳು ತಳದಲ್ಲೇ ಜಾರಾಡುತ್ತವೆ, ಮೇಲಕ್ಕೆ ಹತ್ತಿ ಬೀಳುವುದಿಲ್ಲ, ಒಂದಕ್ಕೊಂದು ಉಜ್ಜಿಕೊಳ್ಳುವುದಿಲ್ಲ. ತುಕ್ಕು ಹಿಡಿದ ಬೋಲ್ಟನ್ನು ಮೊದಲು ಒಂದು ದಿನ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕುತ್ತಿದ್ದರು. ಹೆಂಡತಿ ಇದ್ದಾಗ ಹಿತ್ತಾಳೆ ಚೊಂಬು ತಿಕ್ಕುವುದನ್ನು ನೋಡಿ ಕಲಿತದ್ದಂತೆ. ಆಮೇಲೆ ಸೋಡಾ ನೀರಿನಲ್ಲಿ ತೊಳೆದು ಪೀಪಾಯಿಗೆ. ಬೆಳಿಗ್ಗೆ ಮರಳಿನ ಜೊತೆ, ಮಧ್ಯಾಹ್ನ ಶೇಂಗಾ ಹೊಟ್ಟಿನ ಜೊತೆ. ಮರಳು ತುಕ್ಕು ತೆಗೆಯುತ್ತಿತ್ತು, ಹೊಟ್ಟು ಹೊಳಪು ಕೊಡುತ್ತಿತ್ತು. ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಶೇಂಗಾ ಹೊಟ್ಟು ತುಳಿದ ಮನುಷ್ಯ, ಅದನ್ನು ಬಿಟ್ಟಿರಲು ಆಗಲಿಲ್ಲವೇನೋ.

ಸದ್ದು ಕೇಳಬೇಕಿತ್ತು. ಬೆಳಿಗ್ಗೆಯೆಲ್ಲ ಗರಗರ ಗರಗರ. ಮಧ್ಯಾಹ್ನಕ್ಕೆ ಅದೇ ಸದ್ದು ಗಂಟಲು ಕಟ್ಟಿದವರ ಥರ ಮೆತ್ತಗಾಗುತ್ತಿತ್ತು. ಬೀದಿಯವರು ಬೈಯದ ದಿನವಿಲ್ಲ. ಮಕ್ಕಳ ಪರೀಕ್ಷೆ ಬಂದರೆ ಮಾತ್ರ, ಯಾರೂ ಹೇಳದಿದ್ದರೂ, ಅಷ್ಟೂ ದಿನ ಪೀಪಾಯಿ ನಿಲ್ಲಿಸಿ, ನೆಲದ ಮೇಲೆ ಕುಂತು ನಟ್ಟುಗಳನ್ನು ಅಳತೆವಾರು ತಂತಿಗೆ ಪೋಣಿಸುತ್ತಿದ್ದರು. ಪರೀಕ್ಷೆ ಮುಗಿದು ಪೀಪಾಯಿ ಮತ್ತೆ ತಿರುಗಿದಾಗ ನನಗೆ ಏನೋ ಸಮಾಧಾನ. ಹತ್ತು ವರ್ಷ ಆ ಸದ್ದಿನ ಪಕ್ಕದಲ್ಲಿ ಕುಂತವನು ನಾನು.

ಈ ಬರಹಕ್ಕೆ ಬೇಕಾದದ್ದು ಅವರ ಗೀಟು. ತೊಳೆದು, ಕಿವಿಗೆ ಹಿಡಿದು ಪಾಸು ಮಾಡಿದ ಪ್ರತಿ ಬೋಲ್ಟಿನ ತಲೆಯ ಮೇಲೂ ಅರದಿಂದ ಒಂದು ಗೀಟು ಎಳೆಯುತ್ತಿದ್ದರು. ಉಗುರು ಸಿಕ್ಕುವಷ್ಟು ಆಳ. ಗೀಟು ಇದ್ದರೆ ಇದು ಹಳೆಯದು, ತೊಳೆದದ್ದು, ಪೀಪಾಯಿ ಮೇಸ್ತ್ರಿ ನೋಡಿದ್ದು ಎಂದು ಅರ್ಥ. ಹೊಳಲ್ಕೆರೆ, ಹೊಸದುರ್ಗದ ಕಡೆ ಟ್ರ್ಯಾಕ್ಟರಿನವರು, ಪಂಪಿನವರು ಆ ಗೀಟನ್ನು ಬೆರಳಲ್ಲಿ ಸವರಿ ನೋಡಿಯೇ ಬೋಲ್ಟು ತಗೊಳ್ಳುತ್ತಿದ್ದರು.

ಒಮ್ಮೆ ಹಿರಿಯೂರಿನಿಂದ ಒಬ್ಬ ಸಾಮಾನಿನ ಅಂಗಡಿಯವನು ಬಂದ. ಒಂದು ಜೀಪು ತುಂಬುವಷ್ಟು ಬೋಲ್ಟು ಬೇಕು, ಆದರೆ ಗೀಟು ಬೇಡ ಅಂದ. ಮೇಸ್ತ್ರಿ ಅವನಿಗೆ ಟೀ ತರಿಸಿದರು. ಅವನು ಕುಡಿದು ಮುಗಿಸಿದ ಮೇಲೆ ಅಂದರು:

"ಗೀಟು ಬ್ಯಾಡ ಅಂದ್ರೆ ಹೊಸದು ಅಂತ ಮಾರ್ತೀರಿ."

"ಹೊಸದರಂಗೇ ಅವೆಯಲ್ಲ ಮೇಸ್ತ್ರಿ."

"ಅದಕ್ಕೇ ಗೀಟು. ನಾನು ಮುಖ ತೊಳ್ದಿದೀನಿ, ವಯಸ್ಸು ತೊಳ್ದಿಲ್ಲ. ಹೋಗ್ಬರ್ರಿ."

ಅವನು ಹೋದ ಮೇಲೆ ನಾನು ನಕ್ಕೆ. ಅವರು ನಗಲಿಲ್ಲ. "ತುಕ್ಕು ಇದ್ರೆ ಬೋಲ್ಟು ತನ್ನ ಕಷ್ಟ ತಾನೇ ಹೇಳ್ಕಂತೈತೆ. ನಾವು ಅದರ ಬಾಯಿ ಮುಚ್ಚಿಸ್ತೀವಿ. ಮುಚ್ಚಿಸಿದ ಮ್ಯಾಲೆ ನಾವೇ ಹೇಳ್ಬೇಕಪ್ಪ" ಅಂದರು. ನಾನು ಹೂಂ ಅಂದೆ. ಅವರ ಮಾತಿಗೆಲ್ಲ ಹೂಂ ಅನ್ನುವುದು ನನ್ನ ಅಭ್ಯಾಸವಾಗಿತ್ತು.

ಇನ್ನೊಂದು ಕಟ್ಟಳೆಯೂ ಇತ್ತು. ಭಾರ ಹೊರುವ ಬೋಲ್ಟನ್ನು ಅವರು ತೊಳೆಯುತ್ತಿರಲಿಲ್ಲ. ಲಾರಿ ಚಕ್ರದ್ದು, ಜೋಕಾಲಿಯದ್ದು, ನಮ್ಮ ಪಂಪು ಎತ್ತುವ ಕ್ಲಾಂಪಿನದು, ಯಾವುದೂ ಪೀಪಾಯಿಗೆ ಬೀಳುತ್ತಿರಲಿಲ್ಲ. ಅಂಥವು ಸಿಕ್ಕರೆ ಹ್ಯಾಕ್ಸಾ ಹಿಡಿದು ನಡುವಿಗೆ ಕೊಯ್ದು ಗುಜರಿಗೆ ಹಾಕುತ್ತಿದ್ದರು. ಒಳ್ಳೆಯದನ್ನೂ ಕೊಯ್ದುಬಿಡುತ್ತಾರಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಸಲ ಬೀದಿಯವರೆಲ್ಲ ಸೇರಿ ಟೆಂಪೋ ಮಾಡಿಕೊಂಡು ಮಾರಿಕಣಿವೆ ಅಣೆಕಟ್ಟೆಗೆ ಹೋಗಿದ್ದೆವು. ಮಳೆಗೆ ನೀರು ಏರಿತ್ತು, ಜನ ನೀರು ನೋಡಿ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಮೇಸ್ತ್ರಿ ಒಂದು ಕಡೆ ಕುಕ್ಕರುಗಾಲಲ್ಲಿ ಕುಂತು ಕಂಬಿಯ ಬೋಲ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರುತ್ತಿದ್ದರು. "ನೀರು ನೋಡ್ರಿ ಮೇಸ್ತ್ರಿ" ಅಂದೆ. "ನೀರು ಎಲ್ಲಿಗೂ ಹೋಗಲ್ಲ, ಇವು ಇರೋ ತನಕ" ಅಂದರು. ಆ ದಿನ ಜೊತೆಗೆ ತಿಪ್ಪೇಶಿಯೂ ಇದ್ದ. ಪಂಪು ಎತ್ತುವಾಗ ಬೋರಿನ ಬಾಯಿಯ ಹತ್ತಿರ ನಿಂತು ಪೈಪು ಹಿಡಿಯುವ ನನ್ನ ಆಳು, ಗಟ್ಟಿ ಮನುಷ್ಯ. ಮೇಸ್ತ್ರಿಯನ್ನು ಕಂಡರೆ ಅವನಿಗೆ ಪ್ರಾಣ. ಬುತ್ತಿ ಬಿಚ್ಚಿದಾಗ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವರ ಕೈಗೇ ಇಟ್ಟ. ಇದು ಒಂಬತ್ತು ವರ್ಷದ ಹಿಂದಿನ ಮಾತು.

ಅದೇ ವರ್ಷ ನಮ್ಮ ಕ್ಲಾಂಪಿನ ನಾಲ್ಕು ಬೋಲ್ಟು ತುಕ್ಕು ಹಿಡಿದು ಕೂತವು. ಕ್ಲಾಂಪು ಅಂದರೆ ಎರಡು ದಪ್ಪ ಕಬ್ಬಿಣದ ಪಟ್ಟಿ. ಪೈಪಿನ ಕುತ್ತಿಗೆಗೆ ಅವೆರಡನ್ನೂ ಬೋಲ್ಟು ಹಾಕಿ ಬಿಗಿದು ಬೋರಿನ ಬಾಯಿಯ ಮೇಲೆ ಕೂರಿಸುತ್ತೇವೆ. ಮೇಲಿನ ಪೈಪನ್ನು ಬಿಚ್ಚುವಾಗ ಕೆಳಗೆ ನೇತಾಡುವ ಅಷ್ಟೂ ಪೈಪು, ಮೋಟರು, ನೀರು, ಎಲ್ಲದರ ಭಾರ ಆ ಬೋಲ್ಟುಗಳ ಮೇಲೆ. ನಾಲ್ಕನ್ನೂ ಮೇಸ್ತ್ರಿಗೆ ತೋರಿಸಿದೆ. ಅವರು ಒಂದಕ್ಕೆ ಹೊಸ ನಟ್ಟು ಹಾಕಿ ಬೆರಳಲ್ಲಿ ತಿರುಗಿಸಿದರು. ಅರ್ಧ ದಾರಿಯಲ್ಲಿ ನಿಂತಿತು.

"ಎಳ್ಕಂಡವೆ ಇವು. ಭಾರ ಹೊತ್ತೂ ಹೊತ್ತೂ ಉದ್ದ ಆಗ್ಯವೆ. ಇಲ್ಲಿ ಕೊಡು, ಕೊಯ್ದು ಬಿಡ್ತೀನಿ."

"ನಾನೇ ಕೊಯ್ತೀನಿ ಬಿಡ್ರಿ ಮೇಸ್ತ್ರಿ" ಅಂದು ಜೇಬಿಗೆ ಹಾಕಿಕೊಂಡೆ.

ಕೊಯ್ಯಲಿಲ್ಲ. ಆ ಅಳತೆಯ ಹೊಸ ಬೋಲ್ಟು ಹೊಳಲ್ಕೆರೆಯಲ್ಲಿ ಸಿಗುತ್ತಿರಲಿಲ್ಲ, ದುರ್ಗಕ್ಕೆ ಹೋಗಬೇಕಿತ್ತು. ಮುಕ್ಕಾಲು ಗಂಟೆಯ ಬಸ್ಸು. ಬೇರೆ ಏನಾದರೂ ದೊಡ್ಡ ಕಾರಣ ಇದ್ದಿದ್ದರೆ ಇಲ್ಲಿ ಬರೆಯುತ್ತಿದ್ದೆ. ಇರಲಿಲ್ಲ. ಮೈಗಳ್ಳತನ, ಅಷ್ಟೇ. ಹಿರೇಗುಂಟನೂರಿನ ಹತ್ತಿರ ಒಂದು ಊರಿನವರು ಕುಡಿಯುವ ನೀರಿನ ಪಂಪು ನಿಂತಿದೆ, ನಾಳೆಯೇ ಬರ್ರಿ ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಭಾನುವಾರವೇ ನಾಲ್ಕನ್ನೂ ಅಂಗಡಿಯಲ್ಲಿ ಹುಣಸೆ ನೀರಿಗೆ ಹಾಕಿಟ್ಟಿದ್ದೆ. ಸೋಮವಾರ ಮಧ್ಯಾಹ್ನ ಮೇಸ್ತ್ರಿ ಪೀಪಾಯಿಗೆ ಹೊಟ್ಟು ತುಂಬಿ ತಿರುಗಲು ಬಿಟ್ಟು ಊಟಕ್ಕೆ ಹೋದರು. ಶೆಡ್ಡಿಗೆ ಬೀಗ ಹಾಕುವ ರೂಢಿ ಇರಲಿಲ್ಲ, ಪಕ್ಕದಲ್ಲಿ ನಾನಿದ್ದೆನಲ್ಲ. ನಾನು ಹೋಗಿ ಪೀಪಾಯಿ ನಿಲ್ಲಿಸಿ, ಮುಚ್ಚಳ ತೆಗೆದು, ನಾಲ್ಕನ್ನೂ ಒಳಗೆ ಹಾಕಿ ಮತ್ತೆ ತಿರುಗಿಸಿದೆ. ಅವರು ಒಂದು ನಿದ್ದೆ ಮಾಡಿ ಬರುವಷ್ಟರಲ್ಲಿ ತೆಗೆದುಕೊಂಡು ಬಂದಿದ್ದೆ.

ಎಷ್ಟು ಚೆನ್ನಾಗಿದ್ದವು ಅಂತೀರಿ. ಕಬ್ಬಿಣವೋ ಬೆಳ್ಳಿಯೋ ಅನ್ನುವ ಹಾಗೆ. ನಟ್ಟು ಹಾಕಿ ತಿರುಗಿಸಿದೆ, ಸರಾಗವಾಗಿ ಕೊನೆಯವರೆಗೂ ಹೋಯಿತು. ಮುದುಕನಿಗೆ ಎಲ್ಲದರಲ್ಲೂ ಅನುಮಾನ, ಅರ್ಧದಲ್ಲಿ ನಿಂತದ್ದು ಬರೀ ತುಕ್ಕಿಗೆ ಅಂದುಕೊಂಡೆ. ತುಕ್ಕಿನ ಜೊತೆ ಬೋಲ್ಟಿನ ಮೈಮೇಲಿನ ಥ್ರೆಡ್ಡೂ ಸವೆದು ನಟ್ಟು ಸಡಿಲವಾಗಿತ್ತು ಅನ್ನುವುದು ಈ ತಲೆಗೆ ಹೊಳೆಯಲಿಲ್ಲ. ಹೊಳಪು ನೋಡಿ ಮರುಳಾದೆ. ಇಪ್ಪತ್ತು ವರ್ಷ ಕಬ್ಬಿಣದ ಜೊತೆ ಬದುಕಿದವನು ನಾನು, ನನಗೇ ಹೀಗಾಯಿತು.

ಮಂಗಳವಾರ ಹೊತ್ತು ಏರುವ ಹೊತ್ತಿಗೆ ಅರ್ಧ ಪೈಪು ಮೇಲೆ ಬಂದಿತ್ತು. ತಿಪ್ಪೇಶಿ ಕ್ಲಾಂಪಿನ ಹತ್ತಿರ ಬಗ್ಗಿದ್ದ. ಟಪ್ ಎಂದು ಒಂದು ಸದ್ದು. ಆ ಸದ್ದು ಮಾತ್ರ ನನಗೆ ಸರಿಯಾಗಿ ಕೇಳಿಸಿತು. ಪಟ್ಟಿ ಬಾಯಿ ಬಿಟ್ಟಿತು, ಪೈಪು ಜಾರಿತು, ಪೈಪು ಕೂಡಿಸುವ ಅದರ ದಪ್ಪ ಕಾಲರು ಬೋರಿನ ಬಾಯಿಗೆ ಬಂದು ಬಡಿಯಿತು. ನಡುವೆ ಅವನ ಬಲಗೈ ಇತ್ತು.

ದುರ್ಗದ ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಕೆಳಗೆ ತೆಗೆದರು. ಮಾರನೇ ದಿನ ಸಂಜೆ ನಾನು ಊರಿಗೆ ಬಂದಾಗ ಮೇಸ್ತ್ರಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಂತಿದ್ದರು. ತಿಪ್ಪೇಶಿ ಹೇಗಿದ್ದಾನೆ ಎಂದು ಕೇಳಿದರು, ಹೇಳಿದೆ. ಆಮೇಲೆ ಕೈ ಚಾಚಿದರು.

"ಬೋಲ್ಟು ತಾ."

ಮುರಿದ ತಲೆಯ ತುಂಡು ನನ್ನ ಜೇಬಿನಲ್ಲೇ ಇತ್ತು. ಕೊಟ್ಟೆ. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು. ಅರ್ಧ ಕರ್ರಗೆ, ಅರ್ಧ ಬೆಳ್ಳಗೆ. "ಕರ್ರಗಿರೋದು ಹಳೇ ಬಿರುಕು. ಅರ್ಧ ಮೊದ್ಲೇ ಸತ್ತಿತ್ತು ಇದು" ಅಂದರು. ಆಮೇಲೆ ತಿರುಗಿಸಿ ತಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಗೀಟು ಇರಲಿಲ್ಲ. ಹೊಳಪು ಮಾತ್ರ ಅವರ ಪೀಪಾಯಿಯದೇ.

"ಯಾವಾಗ ಹಾಕ್ದೆ?"

"ಸೋಮ್ವಾರ. ನೀವು ಊಟಕ್ಕೆ ಹೋದಾಗ."

ಬೈಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೂ ತಿನ್ನುತ್ತಿದ್ದೆ. ಅವರು ತುಂಡನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದರು.

ಮೂರನೇ ದಿನ ಬೆಳಿಗ್ಗೆ ತಿಪ್ಪೇಶಿಯ ಸೋದರಮಾವ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದ. ನನ್ನ ಅಂಗಡಿಯ ಮುಂದೆ, ಬೇವಿನ ಮರದ ಕೆಳಗೆ ಬೆಂಚು ಹಾಕಿಸಿದೆ. ಹುಡುಕುತ್ತಿದ್ದದ್ದು ಒಂದೇ ಮಾತು, ಬೋಲ್ಟು ಯಾರದು. ಅವರಲ್ಲೊಬ್ಬ ಟ್ರ್ಯಾಕ್ಟರ್ ಇಟ್ಟಿದ್ದವನು, ಗೀಟಿನ ವಿಷಯ ಗೊತ್ತಿದ್ದವನು. "ಮೇಸ್ತ್ರಿ ಕೊಟ್ಟಿದ್ರೆ ತಲೆ ಮ್ಯಾಲೆ ಗೀಟು ಇರ್ತೈತೆ. ಇಲ್ಲ ಅಂದ್ರೆ ಇವನೇ ಎಲ್ಲಿಂದಲೋ ತಂದು ಹಾಕ್ಯಾನೆ" ಅಂದ, ನನ್ನ ಕಡೆ ಕೈ ತೋರಿಸಿ.

ಮೇಸ್ತ್ರಿ ಶೆಡ್ಡಿನಿಂದ ಬಂದರು. ಜೇಬಿನಿಂದ ತುಂಡು ತೆಗೆದು ಬೆಂಚಿನ ಮೇಲೆ ಇಟ್ಟರು.

"ನಂದೇ. ಗೀಟು ನೋಡ್ರಿ."

ತಲೆಯ ಮೇಲೆ ಗೀಟಿತ್ತು. ಹೊಸ ಗೀಟು, ಆಗಷ್ಟೇ ಅರ ಹಾಕಿದ್ದು, ಬೆಳ್ಳಗೆ ಮಿಂಚುತ್ತಿತ್ತು. ಒಂದು ಉಗುರು ಆಡಿಸಿದ್ದರೆ ಕಬ್ಬಿಣದ ಪುಡಿ ಅಂಟುತ್ತಿತ್ತು. ಆದರೆ ಇಡೀ ಬೋಲ್ಟೇ ಹೊಳೆಯುತ್ತಿದ್ದಾಗ ಗೀಟು ಹೊಳೆಯುವುದು ಯಾರಿಗೆ ಕಾಣಬೇಕು. ಹಿರಿಯರು ನೋಡಿದರು, ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿದರು, ಒಪ್ಪಿಕೊಂಡರು.

ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಮೇಸ್ತ್ರಿ ಒಂದು ಸಲ ನನ್ನನ್ನು ನೋಡಿದರು. ಮುಚ್ಚಿಕೊಂಡೆ. ಅವರು ನೋಡಿದ್ದರಿಂದ ಮುಚ್ಚಿಕೊಂಡೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅವರು ನೋಡದಿದ್ದರೂ ಮುಚ್ಚಿಕೊಳ್ಳುತ್ತಿದ್ದೆ.

ಸೋದರಮಾವ, "ಇನ್ಮ್ಯಾಲೆ ಈ ಪೀಪಾಯಿ ತಿರುಗಬಾರ್ದು" ಅಂದ. ಮೇಸ್ತ್ರಿ ಒಳಗೆ ಹೋಗಿ ಬೆಲ್ಟು ಬಿಚ್ಚಿ ತಂದು ಅವನ ಕೈಗೆ ಕೊಟ್ಟರು. ಅವನು ಅದನ್ನು ಏನು ಮಾಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಿದ್ದ.

ಎಲ್ಲರೂ ಹೋದ ಮೇಲೆ ಶೆಡ್ಡಿಗೆ ಹೋದೆ. ಯಾಕೆ ಹಿಂಗೆ ಮಾಡಿದ್ರಿ ಎಂದು ಕೇಳುವಾಗ ಅಳು ಬಂತು. ಅವರಿಗೆ ಅಳುವವರನ್ನು ಕಂಡರೆ ಆಗುತ್ತಿರಲಿಲ್ಲ.

"ಲೇ, ಕುಂತ್ಕ. ಸೋಮ್ವಾರ ಬಂದಾಗ ಪೀಪಾಯಿ ಮುಚ್ಚಳದ ಚಿಲಕ ಉಲ್ಟಾ ಇತ್ತು. ನಾನು ಹಂಗೆ ಹಾಕಲ್ಲ. ನೋಡ್ದೆ. ನೀನೇ ಅಂತಲೂ ಗೊತ್ತಾತು. ನಾಳೆ ಕೇಳಿದ್ರಾತು ಅಂದ್ಕಂಡೆ. ಕೇಳ್ದೆ ಇದ್ದ ತಪ್ಪು ನಂದು."

"ಆದ್ರೂ ಮೇಸ್ತ್ರಿ—"

"ಅವನಿಗೆ ಒಂದು ಕೈ ಇಲ್ಲ ಈಗ. ಕೆಲಸ ಯಾರು ಕೊಡ್ತಾರೆ? ನೀನು ಕೊಡ್ಬೇಕು. ನಿಜ ಗೊತ್ತಾದ್ರೆ ನಿನ್ ಅಂಗಡಿ ಮೆಟ್ಲು ಹತ್ತಲ್ಲ ಅವನು. ನನ್ ಮೆಟ್ಲು ಹತ್ತದಿದ್ರೆ ಯಾರಿಗೇನು. ಅವನು ಉಸಿರಿರೋ ತನಕ ನಿನ್ನ ಹತ್ರ ಇರ್ಬೇಕು, ತಿಳೀತಾ."

ಹೂಂ ಅಂದೆ. ಹೂಂ ಅನ್ನುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ತಿಪ್ಪೇಶಿ ಗಾಯ ಮಾಗಿದ ಮೇಲೆ ನನ್ನ ಅಂಗಡಿಗೆ ಬಂದ. ಫೋನು ನೋಡಿಕೊಳ್ಳುವುದು, ಬಂದವರ ಮೋಟರಿಗೆ ಚೀಟಿ ಕಟ್ಟುವುದು. ಎಡಗೈಯಲ್ಲಿ ಬರೆಯುವುದನ್ನು ಕಲಿತ. ಕಲಿಯುವಾಗ ಪ್ರತಿ ಅಕ್ಷರಕ್ಕೂ ಮೇಸ್ತ್ರಿಯನ್ನು ಬೈದ. ಅವರು ಟೀ ಅಂಗಡಿಗೆ ನಮ್ಮ ಮುಂದಿನಿಂದಲೇ ಹೋಗಬೇಕಿತ್ತು. ಅವರು ಬರುವುದು ಕಂಡರೆ ಇವನು ಸ್ಟೂಲು ತಿರುಗಿಸಿ ಗೋಡೆಗೆ ಮುಖ ಮಾಡಿ ಕುಂತು, ಕ್ಯಾಕರಿಸಿ ಉಗಿಯುತ್ತಿದ್ದ. ಸ್ವಲ್ಪ ದಿನಕ್ಕೆ ಅವರು ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗಲು ಶುರುಮಾಡಿದರು. ಮಂಡಿ ನೋವಿನ ಮನುಷ್ಯ, ಒಂದು ಲೋಟ ಟೀಗೆ ಅಷ್ಟು ದೂರ ನಡೆಯುತ್ತಿದ್ದರು.

ಒಂಬತ್ತು ವರ್ಷ. ಬೋಲ್ಟು ಕೊಳ್ಳಲು ಯಾರೂ ಬರಲಿಲ್ಲ. ಪೀಪಾಯಿ ಬೆಲ್ಟಿಲ್ಲದೆ ಮಲಗಿತ್ತು, ಅದಕ್ಕೇ ತುಕ್ಕು ಹಿಡಿಯಿತು. ಅವರು ಬೀದಿಯವರ ಕೊಡೆ, ಸ್ಟವ್ವು ರಿಪೇರಿ ಮಾಡುತ್ತಾ, ಕೆಲಸವಿಲ್ಲದ ದಿನ ತಂತಿಗೆ ಪೋಣಿಸಿದ ನಟ್ಟುಗಳನ್ನು ಬಿಚ್ಚಿ ಮತ್ತೆ ಪೋಣಿಸುತ್ತಾ ಕುಂತಿರುತ್ತಿದ್ದರು. ತಿಪ್ಪೇಶಿ ಮನೆಗೆ ಹೋದ ಮೇಲೆ ನಾನು ಹೋಗಿ ಪಕ್ಕದಲ್ಲಿ ಕುಂತರೆ ಕೇಳುತ್ತಿದ್ದದ್ದು ಒಂದೇ. "ಅವನು ಊಟ ಮಾಡಿದ್ನಾ?" ಅಷ್ಟು ಕೇಳಿ ಮತ್ತೆ ನಟ್ಟಿಗೆ ಕೈ ಹಾಕುತ್ತಿದ್ದರು. ನಾಳೆ ಹೇಳಿಬಿಡುತ್ತೇನೆ ಎಂದು ಎಷ್ಟು ಸಲ ಎದ್ದು ಬಂದಿದ್ದೇನೋ. ಮಾರನೇ ದಿನ ತಿಪ್ಪೇಶಿ ಬಂದು ಸ್ಟೂಲಿನ ಮೇಲೆ ಕುಂತು "ಅಣ್ಣ, ಟೀ ತರಲಾ" ಅನ್ನುತ್ತಿದ್ದ. ತಗೊಂಡು ಬಾ ಅನ್ನುತ್ತಿದ್ದೆ.

ಹೋದ ತಿಂಗಳು ಮೇಸ್ತ್ರಿ ತೀರಿಹೋದರು. ಹೊಸದುರ್ಗದಿಂದ ಮಗಳು ಬಂದಳು. ಚಟ್ಟಕ್ಕೆ ಹೆಗಲು ಕೊಡಲು ನಾಲ್ಕು ಜನ ಸೇರಿಸುವುದೂ ಕಷ್ಟವಾಯಿತು. ನಾನು ಅಂಗಡಿಗೆ ಬಂದು ತಿಪ್ಪೇಶಿಯನ್ನು ಕರೆದೆ.

"ನನ್ ಕೈ ತಿಂದೋನಿಗೆ ನಾನ್ಯಾಕೆ ಮಣ್ಣು ಹಾಕ್ಲಣ್ಣ. ನೀನು ಹೋಗ್ಬಾ" ಅಂದ.

ಹೋಗಿ ಬಂದೆ. ಮೂರನೇ ದಿನ ಮಗಳು ಶೆಡ್ಡು ಗುಡಿಸಿ ಖಾಲಿ ಮಾಡುತ್ತಿದ್ದವಳು ಒಂದು ಸಣ್ಣ ಬಟ್ಟೆಯ ಗಂಟು ಹಿಡಿದು ಬಂದಳು. "ಇದು ಪಕ್ಕದ ಅಂಗಡಿಯವರದ್ದು, ಮರೀದೆ ಕೊಟ್ಬಿಡು ಅಂದಿತ್ತು ಅಪ್ಪ. ಏನೋ ಗೊತ್ತಿಲ್ಲ, ನೋಡ್ರಣ್ಣ" ಅಂದಳು. ಬಿಚ್ಚುವ ಮೊದಲೇ ಭಾರದಲ್ಲೇ ಗೊತ್ತಾಯಿತು, ಆ ಬೋಲ್ಟಿನ ತುಂಡು. ಗೀಟೂ ಈಗ ಉಳಿದದ್ದರಷ್ಟೇ ಕಪ್ಪಾಗಿತ್ತು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಯಾವ ಕಣ್ಣಿಗೂ ತಿಳಿಯುತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ ಉಳಿದಿದ್ದೆ.

ತಿಪ್ಪೇಶಿ ಸ್ಟೂಲಿನ ಮೇಲೆ ಕುಂತಿದ್ದ. ಅವನ ಮುಂದೆ ಮೇಜಿನ ಮೇಲೆ ಅದನ್ನು ಇಟ್ಟು, ಎಲ್ಲ ಹೇಳಿದೆ. ಹುಣಸೆ ನೀರು, ಸೋಮವಾರ, ಚಿಲಕ, ಹೊಸ ಗೀಟು. ಒಂದನ್ನೂ ಬಿಡಲಿಲ್ಲ. ಫೋನು ಬಂತು, ಅವನು ಎತ್ತಲಿಲ್ಲ.

"ದಿನಾ ಉಗೀತಿದ್ದೆನಲ್ಲಣ್ಣ" ಅಂದ. "ನೀನು ನೋಡ್ತಿದ್ದೆ."

ನೋಡುತ್ತಿದ್ದೆ.

"ಅರ ತಾ."

ತಂದುಕೊಟ್ಟೆ. ಬೋಲ್ಟಿನ ತುಂಡನ್ನು ಬಿಗಿದು ಹಿಡಿಯುವ ವೈಸಿಗೆ ಸಿಕ್ಕಿಸಲು ಹೋದೆ. ಕೆಲಸಕ್ಕೆ ಅದೇ ಸರಿ, ಅವನಿಗೆ ಇರುವುದು ಒಂದೇ ಕೈ.

"ವೈಸ್ ಬ್ಯಾಡ. ನೀನು ಹಿಡ್ಕ."

ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಅವನು ಎಡಗೈಯಿಂದ ಅರ ಹಾಕತೊಡಗಿದ. ಗೀಟು ಆಳವಾಗಿತ್ತು, ಉಗುರು ಸಿಕ್ಕುವಷ್ಟು. ಎಡಗೈ ತಪ್ಪಿದಾಗಲೆಲ್ಲ ಅರ ನನ್ನ ಬೆರಳಿನ ಮೇಲೆ ಹಾಯುತ್ತಿತ್ತು. ಅವನು ನಿಲ್ಲಿಸಲಿಲ್ಲ, ನಾನು ಬಿಡಲಿಲ್ಲ. ಕಬ್ಬಿಣದ ಪುಡಿ ರಕ್ತಕ್ಕೆ ಕೂಡಿ ಮೇಜಿನ ಮೇಲೆ ಉದುರುತ್ತಿತ್ತು. ಮುಖ ಎತ್ತಿ ಅವನನ್ನು ನೋಡುವ ಧೈರ್ಯ ನನಗಾಗಲಿಲ್ಲ. ಗೀಟು ಪೂರ್ತಿ ಹೋಗುವ ಹೊತ್ತಿಗೆ ಬೇವಿನ ಮರದ ನೆರಳು ಅಂಗಡಿಯ ಒಳಗೆ ಬಂದಿತ್ತು. ಅವನು ಹೆಬ್ಬೆರಳು ಆಡಿಸಿ ನೋಡಿದ, ಮೇಸ್ತ್ರಿ ನೋಡುತ್ತಿದ್ದ ಹಾಗೆಯೇ. ತುಂಡನ್ನು ನನ್ನ ಮುಂದೆ ಇಟ್ಟ. ಅರವನ್ನು ಪಕ್ಕದಲ್ಲಿ ಇಟ್ಟ.

"ಎಲ್ಲಿ ಮಣ್ಣು ಮಾಡಿದ್ರಿ?"

ಹೇಳಿದೆ. ಎದ್ದು ಚಪ್ಪಲಿ ಹಾಕಿಕೊಂಡ. ನಾನೂ ಬರ್ತೀನಿ ಇರು, ಹೋಗಾಣ ಅಂದೆ.

"ನೀನು ಬ್ಯಾಡ" ಅಂದ.